ಸಿ.ಆರ್.ಎಂ. ಎಂದರೇನು? ಗಿರಾಕಿಯ ಪುಸ್ತಕ ಯಾರ ಕೈಯಲ್ಲಿರಬೇಕು?



ಕಳೆದ ಸಭೆ ಮುಗಿದು ಊಟಕ್ಕೆ ಕುಳಿತಿದ್ದಾಗ ನಮ್ಮ ಯುವ ಸದಸ್ಯರೊಬ್ಬರು "ನಾವು ಸಿ.ಆರ್.ಎಂ. ಹಾಕಿಸಿದೆವು" ಎಂದರು. ಪಕ್ಕದಲ್ಲಿದ್ದ ಹಿರಿಯರು "ಅದು ಎಷ್ಟು ಲೀಟರಿನದ್ದು?" ಎಂದು ಕೇಳಿದರು. ಎಲ್ಲರೂ ನಕ್ಕೆವು. ಆದರೆ ನಕ್ಕವರಲ್ಲಿ ಅರ್ಧದಷ್ಟು ಮಂದಿಗೆ ಅದು ಗ್ರೈಂಡರೋ, ಸ್ಟೀಮರೋ, ಕಂಪ್ಯೂಟರೋ ಎಂದು ಸರಿಯಾಗಿ ಗೊತ್ತಿರಲಿಲ್ಲ. ನಮಗೂ ನಾಲ್ಕೈದು ವರ್ಷದ ಹಿಂದೆ ಗೊತ್ತಿರಲಿಲ್ಲ. ನಾವು ಹತ್ತನೇ ಕ್ಲಾಸು ಮುಗಿಸಿ ಮುಂಬಯಿ ಬಸ್ಸು ಹತ್ತಿದವರು. ಇಂಗ್ಲಿಷ್ ಮಾತಾಡಿ ಸಾಫ್ಟ್‌ವೇರ್ ಮಾರಲು ಬರುವ ಹುಡುಗರ ಮುಂದೆ ತಲೆಯಾಡಿಸಿ ಸಹಿ ಹಾಕಿ, ಆಮೇಲೆ ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಮಗಿಂತ ಹೆಚ್ಚು ತಿಳಿದವರು ನಮ್ಮಲ್ಲಿ ಇದ್ದಾರೆ, ಅವರು ಕ್ಷಮಿಸಬೇಕು.

ನಮ್ಮ ಹೋಟೆಲಿನಲ್ಲಿ 2018ರವರೆಗೆ ಗಲ್ಲಾದಲ್ಲಿ ಕುಳಿತಿದ್ದವರು ನಮ್ಮ ಚಿಕ್ಕಪ್ಪ. ಯಾರ ಮನೆಯ ಮಗನಿಗೆ ಉಪನಯನ, ಯಾವ ಸೊಸೈಟಿಯ ಸೆಕ್ರೆಟರಿ ಬದಲಾದರು, ಯಾರಿಗೆ ಚಟ್ನಿಗೆ ಬೆಳ್ಳುಳ್ಳಿ ಹಾಕಬಾರದು, ಯಾರು ತಿಂಗಳ ಕೊನೆಗೆ ಉದ್ರಿ ತೀರಿಸುತ್ತಾರೆ, ಯಾರು ತೀರಿಸುವುದಿಲ್ಲ, ಎಲ್ಲವೂ ಅವರ ತಲೆಯಲ್ಲಿತ್ತು. ಅವರು ಊರಿಗೆ ಹೋದಾಗ ನಾವು ಬೀಳ್ಕೊಡುಗೆಗೆ ಶಾಲು ಹೊದಿಸಿದೆವು, ಆದರೆ ಆ ತಲೆಯಲ್ಲಿದ್ದ ಲೆಕ್ಕವನ್ನು ಬರೆದಿಟ್ಟುಕೊಳ್ಳಲಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಮಹಾರಾಷ್ಟ್ರದಲ್ಲಿ ಒಳಗೆ ಕೂರಿಸಿ ಊಟ ಕೊಡಲು ಮತ್ತೆ ಪರವಾನಗಿ ಸಿಕ್ಕಿದ್ದು ಆ ವರ್ಷದ ಅಕ್ಟೋಬರ್ 5ಕ್ಕೆ. ನಡುವೆ ಪಾರ್ಸಲ್ ಕೊಡಬಹುದಿತ್ತು. ಅಕ್ಕಿ ಇತ್ತು, ಬೇಳೆ ಇತ್ತು, ಊರಿಗೆ ಹೋಗಲಾಗದೆ ಉಳಿದ ನಾಲ್ವರು ಹುಡುಗರಿದ್ದರು. ಆದರೆ ಮೂವತ್ತು ವರ್ಷದ ಹೋಟೆಲಿನಲ್ಲಿ ಗಿರಾಕಿಗಳ ಫೋನ್ ನಂಬರು ಹುಡುಕಿದರೆ ಸಿಕ್ಕಿದ್ದು ಅರುವತ್ತೇ ಅರುವತ್ತು. ದಿನಾ ಇಡ್ಲಿ ತಿಂದು ಹೋದವರು ಎರಡು ಬಿಲ್ಡಿಂಗ್ ಆಚೆಯೇ ಇದ್ದರು, ಅವರಿಗೆ "ನಾವು ತೆರೆದಿದ್ದೇವೆ" ಎಂದು ಹೇಳಲು ನಮ್ಮ ಬಳಿ ದಾರಿ ಇರಲಿಲ್ಲ. ಆ ದಿನ ನಮಗೆ ಗಿರಾಕಿಯ ಪುಸ್ತಕದ ಬೆಲೆ ತಿಳಿಯಿತು.

ಸಿ.ಆರ್.ಎಂ. ಎಂದರೆ ಅದೇ ಪುಸ್ತಕ. ಕಸ್ಟಮರ್ ರಿಲೇಶನ್‌ಶಿಪ್ ಮ್ಯಾನೇಜ್‌ಮೆಂಟ್ ಎಂಬ ದೊಡ್ಡ ಹೆಸರಿಗೆ ಹೆದರಬೇಕಾಗಿಲ್ಲ. ನಮ್ಮ ಹಿರಿಯರ ಉದ್ರಿ ಪುಸ್ತಕ, ಆರ್ಡರ್ ಡೈರಿ, ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಹಾಕಿದ ಗುರುತು, ಚಿಕ್ಕಪ್ಪನ ನೆನಪು, ಈ ನಾಲ್ಕನ್ನೂ ಒಂದೇ ಕಡೆ ಸೇರಿಸಿ ಯಾರು ಬೇಕಾದರೂ ತೆರೆದು ನೋಡುವಂತೆ ಮಾಡಿದರೆ ಅದೇ ಸಿ.ಆರ್.ಎಂ.

ಬರೇ ಟೇಬಲ್ ವ್ಯಾಪಾರ ಇರುವವರಿಗಿಂತ ಕೇಟರಿಂಗ್ ಮಾಡುವವರಿಗೆ ಇದರ ಉಪಯೋಗ ಬೇಗ ಕಾಣುತ್ತದೆ. ಒಂದು ಮದುವೆ ಆರ್ಡರಿನ ಉದಾಹರಣೆಯನ್ನೇ ನೋಡೋಣ. ಯಾರೋ ಫೋನು ಮಾಡಿ "ಫೆಬ್ರವರಿಯಲ್ಲಿ ಮಗಳ ಮದುವೆ, 400 ಎಲೆ, ಎಷ್ಟಾಗುತ್ತದೆ?" ಎಂದು ಕೇಳುತ್ತಾರೆ. ಈ ವಿಚಾರಣೆಗೆ ಸಿ.ಆರ್.ಎಂ. ಭಾಷೆಯಲ್ಲಿ 'ಲೀಡ್' ಎಂದು ಹೆಸರು. ಅವರು ಇನ್ನೂ ನಮ್ಮ ಗಿರಾಕಿ ಅಲ್ಲ, ನಾಲ್ಕು ಕಡೆ ಕೇಳುತ್ತಿದ್ದಾರೆ. ಮಾತು ಮುಂದುವರಿದು ಮೆನು ಬರೆದು ಕೊಟ್ಟೆವೆಂದರೆ ಆ ವ್ಯಕ್ತಿ 'ಕಾಂಟ್ಯಾಕ್ಟ್' ಆಗುತ್ತಾರೆ, ಆ ಮದುವೆ ಒಂದು 'ಡೀಲ್' ಆಗುತ್ತದೆ. ಒಬ್ಬ ಕಾಂಟ್ಯಾಕ್ಟಿಗೆ ಹತ್ತು ಡೀಲ್ ಇರಬಹುದು: ಈ ವರ್ಷ ಮದುವೆ, ಮುಂದಿನ ವರ್ಷ ಸೀಮಂತ, ಆಮೇಲೆ ನಾಮಕರಣ. ಆಫೀಸು, ಸೊಸೈಟಿ, ದೇವಸ್ಥಾನದ ಟ್ರಸ್ಟ್ ಮುಂತಾದವು 'ಅಕೌಂಟ್'. ಅಲ್ಲಿ ಆರ್ಡರ್ ಕೊಡುವ ಮನುಷ್ಯ ಬದಲಾದರೂ ಅಕೌಂಟ್ ಹಾಗೆಯೇ ಉಳಿಯುತ್ತದೆ.

ಡೀಲ್ ಎಂಬುದಕ್ಕೆ ಮೆಟ್ಟಿಲುಗಳಿವೆ. ನಮ್ಮಲ್ಲಿ ವಿಚಾರಣೆ, ಮೆನು ಕೊಟ್ಟದ್ದು, ರುಚಿ ನೋಡಿ ಹೋದದ್ದು, ರೇಟು ಒಪ್ಪಿದ್ದು, ಮುಂಗಡ ಬಂದದ್ದು, ಎಲೆ ಹಾಕಿದ್ದು, ಬಾಕಿ ಬಂದದ್ದು ಎಂದು ಇಟ್ಟುಕೊಂಡಿದ್ದೇವೆ. ಪರದೆಯ ಮೇಲೆ ಒಂದೊಂದು ಮೆಟ್ಟಿಲಿಗೆ ಒಂದೊಂದು ಸಾಲು, ಆರ್ಡರುಗಳು ಚೀಟಿಗಳಂತೆ ಆ ಸಾಲಿನಲ್ಲಿ ನಿಂತಿರುತ್ತವೆ. 'ಮೆನು ಕೊಟ್ಟದ್ದು' ಎಂಬ ಸಾಲಿನಲ್ಲಿ ಒಂದು ಚೀಟಿ ಹದಿನೈದು ದಿನದಿಂದ ಅಲ್ಲಾಡದೆ ನಿಂತಿದೆ ಎಂದರೆ ನಾವು ಫೋನು ಮಾಡಿಲ್ಲ ಎಂದೇ ಅರ್ಥ. ಸತ್ಯ ಹೇಳಬೇಕೆಂದರೆ, ಮೊದಲ ಸಲ ಆ ಪರದೆ ನೋಡಿದಾಗ ನಮಗೆ ನಾಚಿಕೆಯಾಯಿತು. ಗಿರಾಕಿ ಬೇರೆಯವರ ಬಳಿ ಹೋದದ್ದು ರೇಟಿನಿಂದ ಎಂದುಕೊಂಡಿದ್ದೆವು. ಎಷ್ಟೋ ಸಲ ಅವರು ಹೋದದ್ದು ನಾವು ತಿರುಗಿ ಫೋನು ಮಾಡಲಿಲ್ಲವೆಂದು.

ಕಾಂಟ್ಯಾಕ್ಟಿನ ಕೆಳಗೆ ಟಿಪ್ಪಣಿ ಬರೆಯಲು ಜಾಗವಿದೆ. ಅಲ್ಲಿ 'ಜೈನ್, ಗಡ್ಡೆ ತರಕಾರಿ ಇಲ್ಲ' ಎಂದೋ, 'ಚಾತುರ್ಮಾಸ್ಯ ವ್ರತ ಮಾಡುವ ಮನೆ' ಎಂದೋ ಬರೆಯಬಹುದು. ಶಾಕವ್ರತದ ತಿಂಗಳಲ್ಲಿ ತರಕಾರಿ ಇಲ್ಲ, ದಧಿವ್ರತದಲ್ಲಿ ಮೊಸರಿಲ್ಲ, ಕ್ಷೀರವ್ರತದಲ್ಲಿ ಹಾಲಿಲ್ಲ, ದ್ವಿದಳವ್ರತದಲ್ಲಿ ಬೇಳೆಕಾಳಿಲ್ಲ. ಇದು ಉಡುಪಿ ಕಡೆಯ ಭಟ್ಟರಿಗೆ ಹೇಳಬೇಕಾಗಿಲ್ಲ. ಆದರೆ ಈಗ ಫೋನು ಎತ್ತುವ ಹುಡುಗ ಬಿಹಾರದವನೋ ನೇಪಾಳದವನೋ ಆಗಿರುತ್ತಾನೆ. ಅವನಿಗೆ ಪರದೆಯಲ್ಲಿ ಕಾಣಬೇಕು.

ಇನ್ನು 'ಕ್ಲೌಡ್' ಅಂದರೆ ಮೋಡ. ಹೆಸರು ಕೇಳಿದರೆ ನಮ್ಮ ಲೆಕ್ಕ ಆಕಾಶದಲ್ಲಿ ತೇಲುತ್ತಿದೆ ಎನಿಸುತ್ತದೆ. ನಮಗೆ ಅರ್ಥವಾದದ್ದು ಗ್ಯಾಸಿನ ಲೆಕ್ಕದಲ್ಲಿ. ಮೊದಲು ನಾವೆಲ್ಲ ಹಿಂದಿನ ಬಾಗಿಲಲ್ಲಿ ಸಿಲಿಂಡರುಗಳ ಸಾಲು ಇಟ್ಟುಕೊಳ್ಳುತ್ತಿದ್ದೆವು. ತರುವುದು, ಇಡುವುದು, ಕಾಯುವುದು ಎಲ್ಲ ನಮ್ಮ ಜವಾಬ್ದಾರಿ. ಈಗ ಮುಂಬಯಿಯ ಬಹಳಷ್ಟು ಹೋಟೆಲುಗಳಿಗೆ ಪೈಪಿನಲ್ಲಿ ಗ್ಯಾಸ್ ಬರುತ್ತದೆ. ಗ್ಯಾಸ್ ಎಲ್ಲಿಯೋ ಇದೆ, ನಾವು ನಲ್ಲಿ ತಿರುಗಿಸುತ್ತೇವೆ, ಮೀಟರಿನ ಪ್ರಕಾರ ಬಿಲ್ಲು ಕಟ್ಟುತ್ತೇವೆ. ಕ್ಲೌಡ್ ಸಾಫ್ಟ್‌ವೇರೂ ಹಾಗೆಯೇ. ಸಿ.ಡಿ. ತಂದು ನಮ್ಮ ಕಂಪ್ಯೂಟರಿಗೆ ಹಾಕುವುದಿಲ್ಲ. ಸಾಫ್ಟ್‌ವೇರ್ ಮತ್ತು ನಮ್ಮ ಗಿರಾಕಿಗಳ ಪಟ್ಟಿ ಎರಡೂ ಕಂಪನಿಯ ದೊಡ್ಡ ಕಂಪ್ಯೂಟರುಗಳಿರುವ ಕಟ್ಟಡದಲ್ಲಿ ಇರುತ್ತವೆ, ನಾವು ಇಂಟರ್‌ನೆಟ್ಟಿನ ಮೂಲಕ ಮೊಬೈಲಿನಲ್ಲಿ ತೆರೆಯುತ್ತೇವೆ, ತಿಂಗಳ ಬಾಡಿಗೆ ಕಟ್ಟುತ್ತೇವೆ. ಮೋಡ ಎಂದರೂ ಅದು ನೆಲದ ಮೇಲೆಯೇ ಇದೆ. ಅಮೆಜಾನ್ ಕಂಪನಿ 2016ರಿಂದ ಮುಂಬಯಿಯಲ್ಲಿ ಇಂಥ ವ್ಯವಸ್ಥೆ ನಡೆಸುತ್ತಿದೆ. ಜೋಹೊ ಕಂಪನಿಗೆ ಮುಂಬಯಿ ಮತ್ತು ಚೆನ್ನೈಯಲ್ಲಿ ಡೇಟಾ ಸೆಂಟರುಗಳಿವೆ.

ಗ್ಯಾಸಿಗೂ ಇದಕ್ಕೂ ಒಂದೇ ಒಂದು ವ್ಯತ್ಯಾಸ, ಅದನ್ನು ಮರೆಯಬಾರದು. ಗ್ಯಾಸಿನ ಪೈಪಿನಲ್ಲಿ ಅವರ ವಸ್ತು ನಮ್ಮ ಬಳಿಗೆ ಬರುತ್ತದೆ. ಕ್ಲೌಡಿನಲ್ಲಿ ನಮ್ಮ ವಸ್ತು ಅವರ ಬಳಿಗೆ ಹೋಗುತ್ತದೆ. ಇದಕ್ಕೆ ಮುಂದೆ ಬರುತ್ತೇವೆ.

ಇದು ಶುರುವಾದ ಕತೆಯನ್ನೂ ಸ್ವಲ್ಪ ಹೇಳಬೇಕು. 1990ರ ದಶಕದಲ್ಲಿ ಅಮೆರಿಕದಲ್ಲಿ ಸೀಬೆಲ್ ಎಂಬ ಕಂಪನಿಯ ಸಿ.ಆರ್.ಎಂ. ದೊಡ್ಡದಾಗಿ ನಡೆಯುತ್ತಿತ್ತು. ಅದನ್ನು ಹಾಕಿಸಬೇಕಾದರೆ ಸ್ವಂತ ಸರ್ವರ್, ಅದನ್ನು ನೋಡಿಕೊಳ್ಳುವ ಇಂಜಿನಿಯರ್, ತಿಂಗಳುಗಟ್ಟಲೆ ಕೆಲಸ. ದೊಡ್ಡ ಕಂಪನಿಗಳಿಗೆ ಮಾತ್ರ ಸಾಧ್ಯ. ಒರಾಕಲ್ ಕಂಪನಿಯಲ್ಲಿದ್ದ ಮಾರ್ಕ್ ಬೆನಿಯಾಫ್ ಎಂಬವರು 1999ರಲ್ಲಿ ಸಾನ್ ಫ್ರಾನ್ಸಿಸ್ಕೋದ ಒಂದು ಬಾಡಿಗೆ ಮನೆಯಲ್ಲಿ ಸಂಗಡಿಗರೊಂದಿಗೆ ಸೇಲ್ಸ್‌ಫೋರ್ಸ್ ಆರಂಭಿಸಿದರು. ಸಾಫ್ಟ್‌ವೇರ್ ಕೊಳ್ಳಬೇಡಿ, ಇಂಟರ್‌ನೆಟ್ಟಿನಲ್ಲಿ ತಲೆಗಿಷ್ಟು ಎಂದು ತಿಂಗಳ ಬಾಡಿಗೆ ಕೊಟ್ಟು ಬಳಸಿ ಎಂಬುದು ಅವರ ವ್ಯಾಪಾರ. 'ಸಾಫ್ಟ್‌ವೇರ್' ಎಂಬ ಶಬ್ದದ ಮೇಲೆ ಕೆಂಪು ಅಡ್ಡಗೆರೆ ಎಳೆದದ್ದೇ ಅವರ ಆಗಿನ ಗುರುತು. ಊಟದ ಲೆಕ್ಕದಲ್ಲಿ ಹೇಳುವುದಾದರೆ, ಮನೆಯಲ್ಲಿ ಅಡುಗೆಯವರನ್ನು ಇಟ್ಟುಕೊಳ್ಳುವ ಬದಲು ತಿಂಗಳ ಮೆಸ್ಸು ಹಚ್ಚಿದ ಹಾಗೆ.

ನಮ್ಮ ದೇಶದಲ್ಲಿ ಇದೇ ಕೆಲಸವನ್ನು ಸಣ್ಣವರ ಕೈಗೆ ತಂದವರಲ್ಲಿ ಜೋಹೊ ಮುಖ್ಯವಾದದ್ದು. 1996ರಲ್ಲಿ ಅಡ್ವೆಂಟ್‌ನೆಟ್ ಎಂಬ ಹೆಸರಿನಲ್ಲಿ ಶುರುವಾದ ಕಂಪನಿ, ಶ್ರೀಧರ್ ವೆಂಬು ಸಂಸ್ಥಾಪಕರಲ್ಲಿ ಒಬ್ಬರು, ಚೆನ್ನೈ ಇದರ ನೆಲೆ. ಜೋಹೊ ಸಿ.ಆರ್.ಎಂ. 2005ರಲ್ಲಿ ಬಂತು, ಕಂಪನಿಯ ಹೆಸರು 2009ರಲ್ಲಿ ಜೋಹೊ ಎಂದಾಯಿತು. ಸಣ್ಣ ವ್ಯಾಪಾರಿಗಳಿಗೆಂದೇ ಬಿಗಿನ್ ಎಂಬ ಚಿಕ್ಕ ಸಿ.ಆರ್.ಎಂ. ಅನ್ನು 2020ರಲ್ಲಿ ತಂದರು. ಚೆನ್ನೈಯಲ್ಲೇ 2010ರಲ್ಲಿ ಹುಟ್ಟಿದ ಫ್ರೆಶ್‌ವರ್ಕ್ಸ್ 2021ರಲ್ಲಿ ಅಮೆರಿಕದ ನಾಸ್ಡಾಕ್ ಶೇರುಪೇಟೆಗೆ ಹೋಯಿತು. ಚೆನ್ನೈಯ ನಮ್ಮ ಸದಸ್ಯರು ಇವರ ಹುಡುಗರಿಗೆ ಮಧ್ಯಾಹ್ನದ ಊಟ ಕೊಟ್ಟವರೂ ಇರಬಹುದು.

ಈಗ 'ಇಕೋಸಿಸ್ಟಂ' ಎಂಬ ಶಬ್ದ. ಸಾಫ್ಟ್‌ವೇರ್ ಮಾರುವವರು ಇದನ್ನು ನಾಲ್ಕು ಮಾತಿಗೊಮ್ಮೆ ಹೇಳುತ್ತಾರೆ. ಅರ್ಥ ಇಷ್ಟೆ: ಸಿ.ಆರ್.ಎಂ. ಒಂದೇ ಇದ್ದರೆ ಸಾಲದು, ಅದರ ಸುತ್ತ ಒಂದು ಪೇಟೆಯೇ ಇರುತ್ತದೆ. ವಾಶಿಯ ಮಾರ್ಕೆಟ್ಟನ್ನು ನೆನಪಿಸಿಕೊಳ್ಳಿ. ಕಟ್ಟಡ, ರಸ್ತೆ, ದೀಪ ಮಾರ್ಕೆಟ್ಟಿನದ್ದು. ಈರುಳ್ಳಿ ಮಾರುವವರು ಬೇರೆ, ಬೇಳೆ ಮಾರುವವರು ಬೇರೆ, ಹಮಾಲಿ ಬೇರೆ, ಟೆಂಪೋದವರು ಬೇರೆ, ದಲಾಲರು ಬೇರೆ. ಸೇಲ್ಸ್‌ಫೋರ್ಸ್ 2005ರಲ್ಲಿ ಆಪ್‌ಎಕ್ಸ್‌ಚೇಂಜ್ ಎಂಬ ಇಂಥದೊಂದು ಮಾರ್ಕೆಟ್ ಪ್ರಕಟಿಸಿತು. ಬೇರೆ ಕಂಪನಿಗಳು ತಮ್ಮ ಸಣ್ಣ ಸಾಫ್ಟ್‌ವೇರುಗಳನ್ನು ಅಲ್ಲಿ ಮಾರುತ್ತವೆ, ಅವು ಸೇಲ್ಸ್‌ಫೋರ್ಸಿನ ಜೊತೆ ಕೂಡಿ ಕೆಲಸ ಮಾಡುತ್ತವೆ. ಜೋಹೊಗೂ ಅಂಥ ಮಾರ್ಕೆಟ್‌ಪ್ಲೇಸ್ ಇದೆ. ಇದಲ್ಲದೆ ಸಿ.ಆರ್.ಎಂ. ಅನ್ನು ನಮ್ಮ ಹೋಟೆಲಿಗೆ ಹೊಂದಿಸಿ ಕೊಡುವ 'ಪಾರ್ಟ್‌ನರ್' ಎಂಬವರಿದ್ದಾರೆ. ನಮ್ಮ ಬಳಿ ಬರುವುದು ಹೆಚ್ಚಾಗಿ ಇವರೇ, ಮೂಲ ಕಂಪನಿಯವರಲ್ಲ. ಪಾರ್ಟ್‌ನರ್ ತಪ್ಪು ಮಾಡಿದರೆ ಮೂಲ ಕಂಪನಿ ಓಡಿ ಬರುವುದಿಲ್ಲ. ಸಹಿ ಮಾಡುವ ಕಾಗದದ ಮೇಲೆ ಯಾರ ಹೆಸರಿದೆ ಎಂದು ನೋಡಿಕೊಳ್ಳಬೇಕು.

ನಮ್ಮ ಹೋಟೆಲಿನ ಸುತ್ತ ಈ ಪೇಟೆ ಹೇಗಿದೆ ನೋಡಿ. ಗಲ್ಲಾದಲ್ಲಿ ಬಿಲ್ಲಿಂಗ್ ಯಂತ್ರ ಇದೆ, ಪೆಟ್‌ಪೂಜಾ ಅಥವಾ ಇನ್ನಾವುದೋ. ಲೆಕ್ಕಕ್ಕೆ ಟ್ಯಾಲಿ ಇದೆ. ಫೋನಿದೆ, ವಾಟ್ಸಾಪ್ ಇದೆ. ಸ್ವಿಗ್ಗಿ, ಝೊಮ್ಯಾಟೊ ಇವೆ. ಇವೆಲ್ಲ ಒಂದರ ಮಾತು ಇನ್ನೊಂದಕ್ಕೆ ಕೇಳುವಂತೆ ಮಾಡುವುದಕ್ಕೆ ಎ.ಪಿ.ಐ. ಎನ್ನುತ್ತಾರೆ. ನಮ್ಮ ಅಡುಗೆಮನೆಗೂ ಸರ್ವಿಸಿಗೂ ನಡುವೆ ಇರುವ ಕಿಟಕಿಯೇ ಎ.ಪಿ.ಐ. ಸಪ್ಲಾಯರ್ ಅಡುಗೆಮನೆಯೊಳಗೆ ಬರುವುದಿಲ್ಲ, ಭಟ್ಟರು ಟೇಬಲಿಗೆ ಹೋಗುವುದಿಲ್ಲ. ಚೀಟಿ ಒಳಗೆ ಹೋಗುತ್ತದೆ, ದೋಸೆ ಹೊರಗೆ ಬರುತ್ತದೆ. ಕಿಟಕಿ ಮುಚ್ಚಿದ್ದರೆ ಒಳಗಿನವರು ಎಷ್ಟು ಒಳ್ಳೆಯವರಿದ್ದರೂ ಟೇಬಲಿನ ಗಿರಾಕಿಗೆ ಊಟವಿಲ್ಲ.

ಈ ಕಿಟಕಿ ಮುಚ್ಚಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ನಡೆದದ್ದನ್ನು ಹೇಳಬೇಕು. ಹೇಳಲು ಮನಸ್ಸಿಲ್ಲದಿದ್ದರೂ ಹೇಳುತ್ತೇವೆ.

ನಮ್ಮ ಹಳೆಯ ಗಿರಾಕಿ, ಬ್ಯಾಂಕಿನಿಂದ ನಿವೃತ್ತರಾದ ರಾಯರು. ಗಂಡ ಹೆಂಡತಿ ಇಬ್ಬರೂ ಭಾನುವಾರ ಬೆಳಿಗ್ಗೆ ಬರುತ್ತಿದ್ದರು, ಅಮ್ಮನಿಗೆ ಮೃದುವಾದ ಸೆಟ್ ದೋಸೆ, ರಾಯರಿಗೆ ಉಪ್ಪಿಟ್ಟು. ಬಿಲ್ಲಿನ ಹೊತ್ತಿಗೆ ಹುಡುಗರು ಕೇಳಿದಾಗ ಅವರು ಫೋನ್ ನಂಬರು, ಮದುವೆಯ ದಿನಾಂಕ ಎರಡನ್ನೂ ಸಂತೋಷದಿಂದಲೇ ಕೊಟ್ಟಿದ್ದರು. ಒಂದು ವರ್ಷ ಯುಗಾದಿಯ ನಂತರ ಅಮ್ಮ ತೀರಿಕೊಂಡರು. ವೈಕುಂಠ ಸಮಾರಾಧನೆಯ ಅಡುಗೆ ನಾವೇ ಮಾಡಿದೆವು. ಆದರೆ ಆರ್ಡರ್ ಕೊಟ್ಟದ್ದು ರಾಯರ ತಮ್ಮ, ಅವರ ನಂಬರಿನಿಂದ. ನಮ್ಮ ಕೇಟರಿಂಗ್ ಹುಡುಗ ಅದನ್ನು ಎಂದಿನ ಅಭ್ಯಾಸದಂತೆ ಕೆಂಪು ಡೈರಿಯಲ್ಲಿ ಬರೆದ. ಸಿ.ಆರ್.ಎಂ.ಗೆ ಹಾಕಲಿಲ್ಲ. ತಿಂಗಳಾಗುವಷ್ಟರಲ್ಲಿ ರಾಯರ ಮೊಬೈಲಿಗೆ ನಮ್ಮ ಹೋಟೆಲಿನ ಹೆಸರಿನಲ್ಲಿ ಸಂದೇಶ ಹೋಯಿತು: ವಿವಾಹ ವಾರ್ಷಿಕೋತ್ಸವದ ಶುಭಾಶಯಗಳು, ಪತ್ನಿಯೊಂದಿಗೆ ಬನ್ನಿ, ಬಿಲ್ಲಿನಲ್ಲಿ 15 ಶೇಕಡಾ ರಿಯಾಯಿತಿ.

ರಾಯರು ಮಾರನೆಯ ದಿನ ಒಬ್ಬರೇ ಬಂದರು. ಗಲ್ಲಾದ ಮುಂದೆ ನಿಂತು ಮೊಬೈಲು ತೆಗೆದು ತೋರಿಸಿದರು. ಬಯ್ಯಲಿಲ್ಲ. "ನಿಮಗೆ ಗೊತ್ತಿಲ್ಲದ್ದಲ್ಲ ಮಾರಾಯ್ರೇ, ಆ ದಿನ ಎಲೆಗೆ ಬಡಿಸಿದ್ದು ನೀವೇ ಅಲ್ಲವೇ" ಎಂದರು. ನಮಗೆ ಏನು ಹೇಳಲೂ ಬಾಯಿ ಬರಲಿಲ್ಲ. "ಕಂಪ್ಯೂಟರು ಕಳಿಸಿದ್ದು" ಎಂಬ ಮಾತು ತುದಿನಾಲಿಗೆಗೆ ಬಂದಿತ್ತು, ಅದನ್ನು ಹೇಳಲಿಲ್ಲ ಎಂಬುದೊಂದೇ ಸಮಾಧಾನ. ಕಂಪ್ಯೂಟರಿಗೆ ನಾವು ಹೇಳಿದ್ದರೆ ತಾನೇ ಅದಕ್ಕೆ ಗೊತ್ತಾಗುವುದು? ಚಿಕ್ಕಪ್ಪ ಗಲ್ಲಾದಲ್ಲಿ ಇದ್ದಿದ್ದರೆ ಈ ಸಂದೇಶ ಹೋಗುತ್ತಿರಲಿಲ್ಲ.

ಆ ಮೇಲೆ ನಾವು ಕೆಂಪು ಡೈರಿಯನ್ನು ನಿಲ್ಲಿಸಿದೆವು. ಎಲ್ಲ ಆರ್ಡರೂ ಒಂದೇ ಕಡೆ ಎಂದು ನಿಯಮ ಮಾಡಿದೆವು. ಹೇಳುವುದು ಸುಲಭ, ಎರಡು ತಿಂಗಳು ಜಗಳವೇ ಆಯಿತು. ರಶ್ಶಿನ ಹೊತ್ತಿನಲ್ಲಿ ಯಾರು ಟೈಪು ಮಾಡುತ್ತಾರೆ? ಕೊನೆಗೆ ಮಧ್ಯಾಹ್ನ 4 ಗಂಟೆಗೆ ಚಹಾ ಹೊತ್ತಿನಲ್ಲಿ ಅರ್ಧ ಗಂಟೆ ಅದಕ್ಕೇ ಇಟ್ಟೆವು. ಬಾಯಲ್ಲಿ ಹೇಳಿದರೆ ಮೊಬೈಲು ಬರೆದುಕೊಳ್ಳುತ್ತದೆ, ಹಿಂದಿಯಲ್ಲೂ ಕನ್ನಡದಲ್ಲೂ. ಆರ್ಡರಿನ ನಮೂನೆಯಲ್ಲಿ ಮೊದಲು ಇಪ್ಪತ್ತೆರಡು ಖಾನೆ ಇದ್ದವು, ಪಾರ್ಟ್‌ನರ್ ಹುಡುಗರಿಗೆ ಖಾನೆ ಎಂದರೆ ಪ್ರೀತಿ. ನಾವು ಏಳಕ್ಕೆ ಇಳಿಸಿದೆವು. ಏಳನ್ನು ಹುಡುಗರು ತುಂಬುತ್ತಾರೆ, ಇಪ್ಪತ್ತೆರಡನ್ನು ಯಾರೂ ತುಂಬುವುದಿಲ್ಲ. ಏಳರಲ್ಲಿ ಒಂದು 'ಶುಭವೋ ಅಶುಭವೋ' ಎಂಬುದು. ಅಶುಭ ಎಂದು ಗುರುತು ಹಾಕಿದರೆ ಆರ್ಡರ್ ಯಾರ ಮನೆಯದ್ದು, ಮನೆಯವರ ನಂಬರುಗಳು ಯಾವುವು ಎಂದು ಕೇಳುತ್ತದೆ, ಆ ನಂಬರುಗಳಿಗೆ ಒಂದು ವರ್ಷ ಯಾವ ಶುಭಾಶಯವೂ ಹೋಗುವುದಿಲ್ಲ. ಇದನ್ನು ಯಾವ ಕಂಪನಿಯೂ ತಾನಾಗಿ ಕೊಡಲಿಲ್ಲ. ನಾವು ಕೇಳಿ ಮಾಡಿಸಿದ್ದು.

ಇನ್ನು ಮೊದಲು ಹೇಳಿದ ಮಾತು, ನಮ್ಮ ವಸ್ತು ಅವರ ಬಳಿಗೆ ಹೋಗುತ್ತದೆ ಎಂಬುದು. 2021ರಲ್ಲಿ ನಾವು ಮೊದಲು ಸೇರಿದ್ದು ಈಗ ಇರುವುದಕ್ಕಲ್ಲ, ಒಂದು ಸಣ್ಣ ಕಂಪನಿಯ ಪಾಯಿಂಟ್ ಕೊಡುವ ಸ್ಕೀಮಿಗೆ. ಅಗ್ಗದಲ್ಲಿ ಸಿಕ್ಕಿತು. ಎರಡು ವರ್ಷದಲ್ಲಿ ನಾಲ್ಕು ಸಾವಿರದ ಮೇಲೆ ಗಿರಾಕಿಗಳ ಹೆಸರು ಸೇರಿತು. ಬಾಡಿಗೆ ಏರಿಸಿದರು, ನಾವು ಬಿಡುತ್ತೇವೆ ಎಂದೆವು, ನಮ್ಮ ಪಟ್ಟಿ ಕೊಡಿ ಎಂದೆವು. ಒಂದು ತಿಂಗಳು ಫೋನು ಎತ್ತಲಿಲ್ಲ. ಆಮೇಲೆ ಇಮೇಲಿನಲ್ಲಿ ಒಂದು ಪಿ.ಡಿ.ಎಫ್. ಬಂತು. ತೆರೆದು ನೋಡಿದರೆ ಪುಟಗಟ್ಟಲೆ ಹೆಸರುಗಳಿವೆ, ನಂಬರುಗಳಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಇದೆ, ಉಳಿದ ಕಡೆ ನಕ್ಷತ್ರ! ಗಿರಾಕಿಯ ಖಾಸಗಿತನ ಕಾಪಾಡಲು ಹೀಗೆ ಎಂದರು. ನಮ್ಮ ಗಲ್ಲಾದಲ್ಲಿ ನಮ್ಮ ಹುಡುಗರು ಕೇಳಿ ಬರೆದುಕೊಂಡ ನಂಬರನ್ನು ನಮ್ಮಿಂದಲೇ ಕಾಪಾಡಿದರು. ಒಪ್ಪಂದದ ಕಾಗದ ತೆಗೆದು ಮಗಳಿಂದ ಓದಿಸಿದೆವು. ಪಟ್ಟಿ ಹಿಂತಿರುಗಿಸುವ ಮಾತೇ ಅದರಲ್ಲಿರಲಿಲ್ಲ.

ಆದುದರಿಂದ ಸಹಿ ಹಾಕುವ ಮೊದಲು ಮಾರುವವನನ್ನು ಎದುರಿಗೆ ಕೂರಿಸಿ ಒಂದು ಕೆಲಸ ಮಾಡಿಸಿ. ಹತ್ತು ಸುಳ್ಳು ಹೆಸರು ಹಾಕಿ, "ಇದನ್ನು ಈಗ ಎಕ್ಸೆಲ್ ಹಾಳೆಯಾಗಿ ಹೊರಗೆ ತೆಗೆದು ತೋರಿಸು" ಎಂದು ಹೇಳಿ. ಇದಕ್ಕೆ 'ಎಕ್ಸ್‌ಪೋರ್ಟ್' ಎನ್ನುತ್ತಾರೆ. ಹೆಸರು, ಪೂರ್ತಿ ನಂಬರು, ಟಿಪ್ಪಣಿ, ಹಳೆಯ ಆರ್ಡರುಗಳು ಎಲ್ಲವೂ ಹೊರಗೆ ಬರಬೇಕು, ಅವರ ಸಹಾಯವಿಲ್ಲದೆ ನಮ್ಮ ಕೈಯಿಂದಲೇ ಬರಬೇಕು. ಬರುವುದಿಲ್ಲವಾದರೆ ಚಹಾ ಕುಡಿಸಿ ಕಳಿಸಿಬಿಡಿ. ಬಂದರೆ ಮಾತ್ರ ರೇಟಿನ ಮಾತು. ಇನ್ನೊಂದು, ಮುಖ್ಯ ಲಾಗಿನ್ ಯಾರ ಹೆಸರಿನಲ್ಲಿದೆ ಎಂಬುದು. ಅದು ಮಾಲೀಕರ ಇಮೇಲಿನಲ್ಲಿರಬೇಕು. ಮ್ಯಾನೇಜರನ ಸ್ವಂತ ಇಮೇಲಿನಲ್ಲಿದ್ದರೆ ಅವನು ಬಿಟ್ಟ ದಿನ ಪುಸ್ತಕವೂ ಅವನ ಜೊತೆ ಹೋಯಿತೆಂದೇ ತಿಳಿಯಿರಿ. ಎಕ್ಸ್‌ಪೋರ್ಟ್ ಮಾಡುವ ಅಧಿಕಾರ ಮಾಲೀಕರಿಗೆ ಮಾತ್ರ ಇಡಬಹುದು, ಕ್ಯಾಶಿಯರನಿಗೆ ನೋಡುವ ಅಧಿಕಾರ ಸಾಕು. ಒಳ್ಳೆಯ ಸಿ.ಆರ್.ಎಂ.ಗಳಲ್ಲಿ ಈ ಬೀಗಗಳೆಲ್ಲ ಇವೆ, ಹಾಕುವವರು ನಾವಾಗಬೇಕು.

ಖರ್ಚಿನ ವಿಷಯ. ಬಾಡಿಗೆ 'ಯೂಸರ್' ಲೆಕ್ಕದಲ್ಲಿ, ಅಂದರೆ ಲಾಗಿನ್ ಮಾಡುವ ತಲೆಗಿಷ್ಟು. ತಲೆಗೆ ತಿಂಗಳಿಗೆ 1,000 ರೂಪಾಯಿ ಎಂದು ಹಿಡಿಯಿರಿ, ಐದು ಜನ ಎಂದರೆ ವರ್ಷಕ್ಕೆ 60,000. ಅದರ ಮೇಲೆ 18 ಶೇಕಡಾ ಜಿ.ಎಸ್.ಟಿ. ಸೇರಿ 70,800. ಬೇರೆ ವ್ಯಾಪಾರದವರಿಗೆ ಆ 10,800 ಇನ್‌ಪುಟ್ ಕ್ರೆಡಿಟ್ಟಾಗಿ ತಿರುಗಿ ಸಿಗುತ್ತದೆ. 5 ಶೇಕಡಾದಲ್ಲಿರುವ ನಮ್ಮಂಥ ಹೋಟೆಲು, ಕೇಟರಿಂಗಿನವರಿಗೆ ಕ್ರೆಡಿಟ್ ಇಲ್ಲ, ಅದು ಪೂರ್ತಿ ನಮ್ಮ ಕಿಸೆಯಿಂದಲೇ. ಮಾರುವವರು ಈ ಮಾತು ಹೇಳುವುದಿಲ್ಲ, ಅವರಿಗೆ ಗೊತ್ತೂ ಇರುವುದಿಲ್ಲ. ಹಾಗಾಗಿ ಐದು ಜನರಿಗೆ ಬೇಡ, ಎರಡರಿಂದ ಶುರು ಮಾಡಿ. ಜೋಹೊ ಸಿ.ಆರ್.ಎಂ.ನಲ್ಲಿ ಮೂರು ಜನರವರೆಗೆ ಉಚಿತ ಆವೃತ್ತಿಯೂ ಇದೆ, ಸೌಲಭ್ಯ ಕಡಿಮೆ, ಆದರೆ ಕಲಿಯಲು ಸಾಕು. ವಾಟ್ಸಾಪಿನ ಸಂದೇಶಗಳಿಗೆ ಬೇರೆ ಹಣ. ಬಿಲ್ಲು, ಆರ್ಡರಿನ ಮಾಹಿತಿ ಕಳಿಸುವುದಕ್ಕಿಂತ ಜಾಹೀರಾತು ಸಂದೇಶಕ್ಕೆ ದರ ಹೆಚ್ಚು. ನಾಲ್ಕು ಸಾವಿರ ಜನರಿಗೆ ವಾರಕ್ಕೊಮ್ಮೆ ಕಳಿಸಿ ನೋಡಿದರೆ ತಿಂಗಳ ಕೊನೆಗೆ ಬಿಸಿ ತಟ್ಟುತ್ತದೆ.

ಕಾನೂನು ಕೂಡ ಬಂದಿದೆ. ವ್ಯಾಪಾರದ ಎಸ್.ಎಂ.ಎಸ್. ಕಳಿಸಲು ಟ್ರಾಯ್‌ನ 2018ರ ನಿಯಮದಂತೆ ಟೆಲಿಕಾಂ ಕಂಪನಿಯ ಡಿ.ಎಲ್.ಟಿ. ಎಂಬಲ್ಲಿ ನಮ್ಮ ಹೆಸರು, ಸಂದೇಶದ ಒಕ್ಕಣೆ ನೋಂದಾಯಿಸಬೇಕು. ಇಲ್ಲದಿದ್ದರೆ ಸಂದೇಶ ದಾರಿಯಲ್ಲೇ ನಿಲ್ಲುತ್ತದೆ. ಬಿಲ್ಲು ಕೊಡಲು ಫೋನ್ ನಂಬರು ಕೊಡಲೇಬೇಕೆಂದು ಗಿರಾಕಿಯನ್ನು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲಿ ವ್ಯಾಪಾರಿಗಳಿಗೆ ಸೂಚನೆ ಕೊಟ್ಟಿದೆ. ಎಲ್ಲಕ್ಕಿಂತ ದೊಡ್ಡದು 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ನಮಗೆ ತಟ್ಟುವ ಮುಖ್ಯ ಭಾಗಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಅವಧಿ ಕೊಟ್ಟಿದ್ದಾರೆ. ಗಿರಾಕಿಯ ಒಪ್ಪಿಗೆ ಪಡೆಯಬೇಕು, ಯಾವುದಕ್ಕೆ ಬಳಸುತ್ತೇವೆಂದು ಹೇಳಬೇಕು, ಅಳಿಸಿ ಎಂದರೆ ಅಳಿಸಬೇಕು. ದತ್ತಾಂಶವನ್ನು ಜೋಪಾನ ಮಾಡದೆ ಸೋರಿಕೆಯಾದರೆ ದಂಡ ಗರಿಷ್ಠ 250 ಕೋಟಿಯವರೆಗೆ ಎಂದು ಬರೆದಿದೆ. ಅಷ್ಟು ದೊಡ್ಡ ಅಂಕಿ ನಮ್ಮಂಥವರನ್ನು ನೋಡಿ ಬರೆದದ್ದಲ್ಲ. ಆದರೆ ಕಾಯಿದೆಯ ಕಣ್ಣಿಗೆ ಗಿರಾಕಿಯ ಮಾಹಿತಿಗೆ ಹೊಣೆ ನಾವೇ, ಸಾಫ್ಟ್‌ವೇರ್ ಕಂಪನಿ ನಮಗಾಗಿ ಕೆಲಸ ಮಾಡುವವರು ಮಾತ್ರ. ಗಲ್ಲಾದ ಬದಿಯಲ್ಲಿ ಗಿರಾಕಿಗಳ ನಂಬರಿನ ಪುಸ್ತಕವನ್ನು ಯಾರು ಬೇಕಾದರೂ ಫೋಟೋ ತೆಗೆಯುವಂತೆ ತೆರೆದಿಡುವ ಅಭ್ಯಾಸ ಇನ್ನು ನಡೆಯುವುದಿಲ್ಲ.

ಸ್ವಿಗ್ಗಿ, ಝೊಮ್ಯಾಟೊ ಮೂಲಕ ಬರುವ ಗಿರಾಕಿಗಳು ನಮ್ಮ ಸಿ.ಆರ್.ಎಂ.ಗೆ ಸೇರುತ್ತಾರೆಯೇ ಎಂದು ಹಲವರು ಕೇಳುತ್ತಾರೆ. ಆರ್ಡರ್ ಸೇರುತ್ತದೆ, ಆದರೆ ಗಿರಾಕಿಯ ನಂಬರು ಬಹುಕಾಲ ಸಿಗುತ್ತಿರಲಿಲ್ಲ. ಈ ಮಾಹಿತಿಯನ್ನು ಮುಚ್ಚಿಡುವುದರ ವಿಷಯವೂ ಸೇರಿದಂತೆ ರಾಷ್ಟ್ರೀಯ ರೆಸ್ಟೋರೆಂಟ್ ಸಂಘ 2021ರಲ್ಲಿ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು, ಆಯೋಗ 2022ರ ಏಪ್ರಿಲ್‌ನಲ್ಲಿ ಎರಡೂ ಕಂಪನಿಗಳ ಮೇಲೆ ತನಿಖೆಗೆ ಆದೇಶಿಸಿತು. ಗಿರಾಕಿ ಒಪ್ಪಿದರೆ ನಂಬರು ಕೊಡುವ ಏರ್ಪಾಡನ್ನು ಝೊಮ್ಯಾಟೊ 2025ರ ನವೆಂಬರ್‌ನಲ್ಲಿ ಪ್ರಯೋಗಕ್ಕೆ ತಂದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಅದನ್ನೇ ನಂಬಿ ಕೂರುವುದಕ್ಕಿಂತ ನಮ್ಮ ಬಾಗಿಲಿಗೆ ಬರುವವರ ಹೆಸರು ನಾವು ಬರೆದುಕೊಳ್ಳುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ನಾವೀಗ ಪ್ರತಿ ತಿಂಗಳು 1ನೇ ತಾರೀಕಿಗೆ ಪೂರ್ತಿ ಪಟ್ಟಿಯನ್ನು ಎಕ್ಸ್‌ಪೋರ್ಟ್ ಮಾಡಿ, ಪಾಸ್‌ವರ್ಡ್ ಹಾಕಿ, ಪೆನ್‌ಡ್ರೈವಿನಲ್ಲಿ ಲೈಸೆನ್ಸು ಕಾಗದಗಳ ಕಪಾಟಿನಲ್ಲಿ ಇಡುತ್ತೇವೆ. ಹಳೆಯದನ್ನು ಅಳಿಸುತ್ತೇವೆ. ಹತ್ತು ನಿಮಿಷದ ಕೆಲಸ, ಮಗಳು ಮಾಡುತ್ತಿದ್ದಳು, ಈಗ ನಾವೇ ಕಲಿತಿದ್ದೇವೆ.

ರಾಯರು ಎರಡು ತಿಂಗಳು ಬರಲಿಲ್ಲ. ಆಮೇಲೆ ಒಂದು ಭಾನುವಾರ ಬಂದು ಕುಳಿತರು, ಉಪ್ಪಿಟ್ಟು ಹೇಳಿದರು. ನಂಬರನ್ನು ಪಟ್ಟಿಯಿಂದ ತೆಗೆಯಬೇಕೇ ಎಂದು ನಾವು ಕೇಳಿದೆವು. "ಇರಲಿ, ಗಣೇಶ ಚತುರ್ಥಿಗೆ ಕಡುಬು ಮಾಡಿದಾಗ ತಿಳಿಸಿ" ಎಂದರು. ಅವರ ಹೆಸರಿನ ಕೆಳಗೆ ಅಷ್ಟೇ ಬರೆದಿದ್ದೇವೆ.

ಪರದೆ ಹೇಗಿರುತ್ತದೆ ಎಂದು ನೋಡಬಯಸುವ ಸದಸ್ಯರು ಮಧ್ಯಾಹ್ನ 3ರಿಂದ 5ರ ಒಳಗೆ ನಮ್ಮಲ್ಲಿಗೆ ಬರಬಹುದು. ಶನಿವಾರ ಭಾನುವಾರ ಬೇಡ. ಬರುವಾಗ ನಿಮ್ಮ ಆರ್ಡರ್ ಡೈರಿ ತನ್ನಿ, ಅದರಿಂದಲೇ ಹತ್ತು ಆರ್ಡರ್ ಹಾಕಿ ನೋಡೋಣ.